ಊರವರೇ ಆಡುವ ಆಟ

ದೇಶಸಂಚಾರಕ್ಕೆ ಹೊರಡುವವರಲ್ಲಿ ಹೆಚ್ಚು ಮಂದಿ ಕಲ್ಲನ್ನೋ ನೀರನ್ನೋ ನೋಡಲು ಹೊರಡುತ್ತಾರೆ. ಹಳೇಬೀಡಿನ ಕಲ್ಲು, ಜೋಗದ ನೀರು, ಇವೆರಡನ್ನು ಕಂಡು ಬಂದರೆ ಯಾತ್ರೆ ಸಫಲವಾಯಿತೆಂದು ತಿಳಿಯುವವರುಂಟು. ನಾನೂ ಬಹುಕಾಲ ಈ ಗುಂಪಿಗೇ ಸೇರಿದ್ದವನು. ಆದರೆ ಕಲ್ಲೂ ನೀರೂ ನಾವು ಹೋದರೂ ಹೋಗದಿದ್ದರೂ ಇದ್ದಲ್ಲಿಯೇ ಇರುವುವು. ಮನುಷ್ಯರು ಕೂಡಿ ಮಾಡುವ ಕೆಲವು ಕೆಲಸಗಳು ಹಾಗಲ್ಲ. ಅವನ್ನು ಈ ವರ್ಷ ನೋಡದೆ ಬಿಟ್ಟರೆ ಮುಂದಿನ ವರ್ಷ ನೋಡಲು ಸಿಕ್ಕುವುವೆಂಬ ಭರವಸೆಯಿಲ್ಲ. ಕಳೆದ ಶರತ್ಕಾಲದಲ್ಲಿ ನಾನೂ ನನ್ನ ಮನೆಯಾಕೆಯೂ ಸಾಗರದ ಸೀಮೆಗೆ ಹೋಗಿ ಬಂದುದು ಇಂತಹ ಒಂದು ಕೆಲಸವನ್ನು ನೋಡುವುದಕ್ಕಾಗಿ. ಅದರ ವೃತ್ತಾಂತವನ್ನು ವಾಚಕರ ಮುಂದೆ ಇಡುವೆನು.

ಮೈಸೂರಿನಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ಮಲೆನಾಡಿನ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಲೆಕ್ಕದಲ್ಲಿ ಬಹಳ ಚುರುಕು. ಆದರೆ ಲೆಕ್ಕ ಮಾಡುವಾಗ ಎಡಗೈಯ ಬೆರಳುಗಳಿಂದ ಮೇಜನ್ನು ತಟ್ಟುವ ಅಭ್ಯಾಸ ಅವನಿಗಿದ್ದಿತು. ಎರಡು ಮೂರು ಸಲ ಗದರಿಸಿದೆನು. ನಾಲ್ಕನೆಯ ಸಲ, "ಸುಮ್ಮನೆ ತಟ್ಟುವುದಲ್ಲ ಸಾರ್, ಅದು ಝಂಪೆತಾಳ," ಎಂದನು. ಅಂದಿನಿಂದ ಗದರಿಸುವುದನ್ನು ಬಿಟ್ಟೆನು. ಹುಡುಗನು ಓದು ಮುಗಿಸಿ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಸೇರಿದನು. ಅವನ ತಂದೆ ಅಡಿಕೆ ತೋಟದ ಒಕ್ಕಲು. ಅವರಿಂದ ವರ್ಷಕ್ಕೊಂದು ಕಾಗದವೂ ಒಂದು ಭರಣಿ ಅಪ್ಪೆಮಿಡಿಯ ಉಪ್ಪಿನಕಾಯಿಯೂ ತಪ್ಪದೆ ಬರುತ್ತಿದ್ದುವು. ಕಳೆದ ಭಾದ್ರಪದದಲ್ಲಿ ಬಂದ ಕಾಗದದಲ್ಲಿ ಹೀಗಿದ್ದಿತು: "ಅಕ್ಟೋಬರಿನಲ್ಲಿ ಹೆಗ್ಗೋಡಿನಲ್ಲಿ ನಾಟಕಗಳಿವೆ. ಮರುದಿವಸ ನಮ್ಮ ಮನೆಯ ಜಗುಲಿಯಲ್ಲಿ ತಾಳಮದ್ದಲೆ. ಮಗನು ಮದ್ದಲೆಗೆ ಕೂರುತ್ತಾನೆ. ಈ ವರ್ಷ ಅವನದು ಇದೇ ಕಡೆಯದಾಗಬಹುದು. ತಾವು ಅಮ್ಮನವರ ಸಹಿತ ಬರಬೇಕು."

ಕಡೆಯದು ಏಕೆಂಬುದನ್ನು ಅವರು ಬರೆದಿರಲಿಲ್ಲ. ನಾವು ಹೊರಟೆವು.

ಮೈಸೂರಿನಿಂದ ತಾಳಗುಪ್ಪದವರೆಗೆ ಈಗ ನೇರವಾದ ರೈಲಿದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಈ ದಾರಿಯಲ್ಲಿ ಮೊದಲು ಚಿಕ್ಕ ಹಳಿಯ ಬಂಡಿ ಓಡುತ್ತಿದ್ದಿತು. ಮುಂದೆ ಕೆಲವು ವರ್ಷ, ಬಸ್ಸಿಗೆ ರೈಲಿನ ಗಾಲಿಗಳನ್ನು ಜೋಡಿಸಿದಂತಹ ಒಂಟಿ ಗಾಡಿಯೊಂದು ತೆವಳುತ್ತಿದ್ದಿತು. ೨೦೧೧ರಲ್ಲಿ ದೊಡ್ಡ ಹಳಿ ತಾಳಗುಪ್ಪವನ್ನು ಮುಟ್ಟಿತು. ಶಿವಮೊಗ್ಗವನ್ನು ಬಿಟ್ಟು ಕುಂಸಿ ದಾಟುತ್ತಲೂ ಬಯಲು ಮುಗಿದು ಕಾಡು ಮೊದಲಾಗುವುದು. ಗಾಡಿಯ ಕಿಟಕಿಯಿಂದ ಕೈ ಚಾಚಿದರೆ ಎಲೆ ಸಿಕ್ಕುವುದೋ ಎನ್ನುವಷ್ಟು ಹತ್ತಿರದಲ್ಲಿ ಮರಗಳು ನಿಂತಿವೆ. ನಡುವೆ ಅರಸಾಳು ಎಂಬ ಪುಟ್ಟ ನಿಲ್ದಾಣ. ಆರ್. ಕೆ. ನಾರಾಯಣರ ಮಾಲ್ಗುಡಿಯ ಕಥೆಗಳನ್ನು ಶಂಕರನಾಗ್ ಅವರು ದೂರದರ್ಶನಕ್ಕಾಗಿ ಚಿತ್ರಿಸಿದಾಗ ಮಾಲ್ಗುಡಿಯ ರೈಲುನಿಲ್ದಾಣವಾದುದು ಈ ಅರಸಾಳೇ. ೨೦೨೦ರಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ದುರಸ್ತು ಮಾಡಿ ಮಾಲ್ಗುಡಿಯ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯವಾಗಿ ಮಾಡಿದ್ದಾರೆ. ಇಲ್ಲದ ಊರಿಗೆ ಇರುವ ಊರೊಂದು ತನ್ನ ನಿಲ್ದಾಣವನ್ನು ಕಡ ಕೊಟ್ಟ ಈ ಸಂಗತಿಯನ್ನು ಕೇಳಿ ನನ್ನ ಮನೆಯಾಕೆಯು, "ನಾವು ನಾಟಕ ನೋಡಲು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ?" ಎಂದಳು.

ಸಾಗರದ ನಿಲ್ದಾಣದಲ್ಲಿ ಹುಡುಗನೇ ಬಂದು ಕಾದಿದ್ದನು. ಹುಡುಗನೆಂದು ಬಾಯಭ್ಯಾಸಕ್ಕೆ ಹೇಳುತ್ತೇನೆ. ಈಗ ಅವನಿಗೆ ಮೂವತ್ತು ದಾಟಿದೆ. ಸಾಗರವು ಗುಡಿಗಾರರ ಊರು. ಶ್ರೀಗಂಧದ ತುಂಡಿನಲ್ಲಿ ಬಳ್ಳಿ, ಹಕ್ಕಿ, ದೇವತೆಗಳನ್ನು ಎಬ್ಬಿಸುವ ಕುಶಲಿಗಳ ಮನೆತನಗಳು ಇಲ್ಲಿ ಬಹು ಕಾಲದಿಂದ ಇವೆ. ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗೆ ಊರು ತುಂಬಿ ಹೊರಚೆಲ್ಲುವುದಂತೆ. ಊರಿನಿಂದ ಸ್ವಲ್ಪ ದೂರದಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಾಲಯವಿದೆ. ೧೪೯೯ರಿಂದ ೧೭೬೩ರವರೆಗೆ ಈ ನಾಡನ್ನು ಆಳಿದ ಕೆಳದಿಯ ಅರಸರು ಒಂದು ಕಾಲದಲ್ಲಿ ಇಕ್ಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದರು. ಗುಡಿಯ ಮುಂದೆ ಮಂಟಪದಲ್ಲಿ ಮಲಗಿರುವ ನಂದಿಯನ್ನು ನೋಡಿದರೆ ಅರಸರು ಹೋದರೂ ಅವರ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿಲ್ಲವೆನಿಸುವುದು. ಆದರೆ ಮೊದಲೇ ಹೇಳಿದಂತೆ ಈ ಸಲ ನಾನು ಕಲ್ಲಿಗಾಗಿ ಬಂದವನಲ್ಲ. ಕೈಮುಗಿದು ಮುಂದೆ ಹೊರಟೆವು.

ಸಾಗರದಿಂದ ಹೆಗ್ಗೋಡಿಗೆ ಎಂಟೊಂಬತ್ತು ಕಿಲೋಮೀಟರು. ದಾರಿಯ ಇಕ್ಕೆಲದಲ್ಲಿಯೂ ಗುಡ್ಡ. ಗುಡ್ಡಗಳ ಸಂದಿನಲ್ಲಿ ಅಡಿಕೆಯ ತೋಟ, ತೋಟದ ತಲೆಯಲ್ಲಿ ಒಂದೊಂದು ಹೆಂಚಿನ ಮನೆ. ಇಲ್ಲಿ ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಊರುಗಳಿಲ್ಲ. ಒಂದು ಮನೆಯವರು ಕರೆದರೆ ಇನ್ನೊಂದು ಮನೆಯವರಿಗೆ ಕೇಳಿಸುವುದಿಲ್ಲ. ಇಂತಹ ಕಡೆಯಲ್ಲಿ ನಾಲ್ಕು ಜನ ಸೇರಬೇಕಾದರೆ ಅದಕ್ಕೊಂದು ಕಾರಣ ಬೇಕು. ಹೆಗ್ಗೋಡಿನವರು ಆ ಕಾರಣವನ್ನು ನಾಟಕದಲ್ಲಿ ಕಂಡುಕೊಂಡರು.

ಈ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಒಂದಾನೊಂದು ಕಾಲದಲ್ಲಿ ನಮ್ಮ ನಾಡಿನ ಜನರಿಗೆ ನಾಟಕವೆಂದರೆ ಕಂಪೆನಿಯ ನಾಟಕ. ೧೮೮೪ರಲ್ಲಿ ಹುಟ್ಟಿದ ಗುಬ್ಬಿಯ ಕಂಪೆನಿಯಂತಹವು ಪರದೆ, ಪೆಟ್ಟಿಗೆ, ದೀಪ, ಕಿರೀಟಗಳೊಡನೆ ಊರಿಗೆ ಬಂದು ಡೇರೆ ಹಾಕುತ್ತಿದ್ದುವು. ಜನರು ಹಣ ಕೊಟ್ಟು ಬೆರಗಾಗಿ ನೋಡುತ್ತಿದ್ದರು. ಕಂಪೆನಿ ಡೇರೆ ಕಿತ್ತು ಹೋದ ಮೇಲೆ ಊರಿನಲ್ಲಿ ಉಳಿಯುತ್ತಿದ್ದುದು ಗೂಟದ ಕುಳಿಗಳೂ ಬಾಯಲ್ಲಿ ನಾಲ್ಕು ಹಾಡುಗಳೂ ಮಾತ್ರ. ಪಟ್ಟಣಗಳಲ್ಲಿ ಓದಿದವರು ಹವ್ಯಾಸಕ್ಕಾಗಿ ನಾಟಕವಾಡುವುದನ್ನು ಕಲಿತರು. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬುದು ೧೯೦೯ರಲ್ಲಿಯೇ ಮೊದಲಾಯಿತು. ಕೈಲಾಸಂ, ಶ್ರೀರಂಗ ಮೊದಲಾದವರು ಇಂತಹ ಹವ್ಯಾಸಿಗಳಿಗೆ ಆಡಲು ಯೋಗ್ಯವಾದ ನಾಟಕಗಳನ್ನು ಬರೆದರು. ಆದರೆ ಅಂಚೆಯೂ ನಿಧಾನವಾಗಿ ತಲುಪುವ ಮಲೆನಾಡಿನ ಹಳ್ಳಿಯೊಂದರಲ್ಲಿ, ತೋಟದ ಒಕ್ಕಲುಗಳು ತಮ್ಮ ಸುಖಕ್ಕಾಗಿ ತಾವೇ ನಾಟಕದ ಸಂಘವೊಂದನ್ನು ಕಟ್ಟಿ ಅದನ್ನು ಮುಕ್ಕಾಲು ಶತಮಾನ ನಡೆಸುವುದು ಬೇರೆಯ ಮಾತು.

ದೇಶ ಸ್ವತಂತ್ರವಾದ ಎರಡು ವರ್ಷಕ್ಕೆ, ೧೯೪೯ರಲ್ಲಿ, ಹೆಗ್ಗೋಡಿನವರು ಊರದೇವರ ಹೆಸರಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಸ್ಥಾಪಿಸಿದರು. ಅದರ ಮೊದಲ ಅಕ್ಷರಗಳು ಕೂಡಿ ನೀನಾಸಮ್ ಎಂದು ಲೋಕದ ಬಾಯಲ್ಲಿ ನಿಂತಿತು. ಈ ಸಂಘಕ್ಕೆ ಪ್ರಾಣವಾದ ಕೆ. ವಿ. ಸುಬ್ಬಣ್ಣನವರಿಗೆ ಆಗ ಹದಿನೇಳು ವರ್ಷ. ಅವರು ಮೈಸೂರಿನಲ್ಲಿ ಓದಿ, ಓದು ಮುಗಿದ ಮೇಲೆ ಪಟ್ಟಣದಲ್ಲಿ ನಿಲ್ಲದೆ ತೋಟಕ್ಕೆ ಮರಳಿದರು. ಅಡಿಕೆಯನ್ನೂ ಬೆಳೆದರು, ಅಕ್ಷರ ಪ್ರಕಾಶನವೆಂಬ ಹೆಸರಿನಿಂದ ಪುಸ್ತಕಗಳನ್ನೂ ಬೆಳೆದರು. ೧೯೭೨ರಲ್ಲಿ ಊರಿಗೆ ಒಂದು ರಂಗಮಂದಿರವಾಯಿತು. ಅದಕ್ಕೆ ಶಿವರಾಮ ಕಾರಂತರ ಹೆಸರನ್ನಿಟ್ಟರು. ಮರುವರ್ಷ ಚಿತ್ರಸಮಾಜವೊಂದು ಹುಟ್ಟಿತು. ಸತ್ಯಜಿತ್ ರಾಯ್, ಅಕಿರ ಕುರೊಸಾವಾ ಮುಂತಾದವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನರು ನೋಡಿ, ತಮಗೆ ತೋಚಿದುದನ್ನು ತಮ್ಮ ಮಾತಿನಲ್ಲಿಯೇ ಆಡಿಕೊಂಡರು. ೧೯೮೦ರಲ್ಲಿ ನಾಟಕವನ್ನು ಕಲಿಸುವ ಶಾಲೆ, ೧೯೮೫ರಲ್ಲಿ 'ತಿರುಗಾಟ'. ಈ ಎರಡನೆಯದರಲ್ಲಿ ನಟರ ತಂಡವೊಂದು ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿಯೇ ನಿಂತು ನಾಟಕಗಳನ್ನು ಸಿದ್ಧಪಡಿಸಿಕೊಂಡು, ಮಳೆ ಹಿಂದಾದ ಮೇಲೆ ತಮ್ಮ ರಂಗಸಾಮಗ್ರಿಯನ್ನು ತಾವೇ ಹೊತ್ತು ಕನ್ನಡನಾಡಿನ ಊರೂರಿಗೆ ಹೋಗುವುದು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ೨೦೦೫ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು. ಕಟ್ಟಿದವರು ಹೋದ ಮೇಲೆ ಕಟ್ಟಿದುದು ಕುಸಿಯುವುದು ನಮ್ಮಲ್ಲಿ ಅಪರೂಪವಲ್ಲ. ಇಲ್ಲಿ ಹಾಗಾಗಲಿಲ್ಲ. ಆಶ್ವಯುಜ ಬಂದಿತೆಂದರೆ ಈಗಲೂ ಹೆಗ್ಗೋಡಿಗೆ ನಾಡಿನ ನಾನಾ ಕಡೆಯಿಂದ ಜನರು ಬಂದು ಸೇರಿ, ಕೆಲವು ದಿನ ಹಗಲು ಚರ್ಚೆ, ರಾತ್ರಿ ನಾಟಕವೆಂಬ ಕ್ರಮದಿಂದ ಕಳೆಯುತ್ತಾರೆ.

ನಾವು ನಾಟಕ ನೋಡಿದ ಸಂಜೆ ಸಣ್ಣದಾಗಿ ಮಳೆ ಹನಿಯುತ್ತಿದ್ದಿತು. ರಂಗಮಂದಿರದ ಬಾಗಿಲಿನಲ್ಲಿ ಕೊಡೆಗಳನ್ನು ಒರಗಿಸಿ ಜನರು ಒಳಗೆ ಬಂದರು. ದೂರದಿಂದ ಬಂದ ಪ್ರಾಧ್ಯಾಪಕರು, ಕಾಲೇಜಿನ ಹುಡುಗ ಹುಡುಗಿಯರು, ಪಕ್ಕದ ಕೇರಿಯಿಂದ ಮಗುವನ್ನೆತ್ತಿಕೊಂಡು ಬಂದ ತಾಯಂದಿರು, ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರು. ನನ್ನ ಪಕ್ಕದಲ್ಲಿ ಹೆಗಲಿಗೆ ಪಂಚೆ ಹೊದ್ದ ವೃದ್ಧರೊಬ್ಬರಿದ್ದರು. ಬೆರಳ ತುದಿಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದುವು. ಆಡಿದುದು ಹೊರದೇಶದ ನಾಟಕವೊಂದರ ಕನ್ನಡ ರೂಪ. ರಂಗದ ಮೇಲೆ ಅಬ್ಬರದ ಪರದೆಗಳಿಲ್ಲ. ಒಂದು ಮಣೆ, ಎರಡು ಬಿದಿರು, ಒಂದು ಬಟ್ಟೆ. ಬದಿಯಲ್ಲಿ ಕುಳಿತ ಮೇಳದವರು ಹಾರ್ಮೋನಿಯಂ, ಚರ್ಮವಾದ್ಯ, ತಾಳಗಳಿಂದಲೇ ಕಡಲನ್ನೂ ಕಾಳಗವನ್ನೂ ಎಬ್ಬಿಸಿದರು. ಹಳೆಯ ಕಂಪೆನಿಯಲ್ಲಿ ಬೆಳೆದು ಹೊಸ ರಂಗಭೂಮಿಗೆ ಸಂಗೀತವನ್ನು ಕಟ್ಟಿಕೊಟ್ಟ ಬಿ. ವಿ. ಕಾರಂತರ ದಾರಿಯಿದು. ನಾಟಕದ ಹಾಡು ನಾಟಕದ ಕೆಲಸವನ್ನು ಮಾಡಬೇಕೇ ಹೊರತು ಬೇರೆ ನಿಂತು ಮೆರೆಯಬಾರದೆಂಬ ವಿವೇಕವು ಅದರಲ್ಲಿ ಕಾಣುತ್ತಿದ್ದಿತು.

ನಾಟಕ ಮುಗಿದ ಮೇಲೆ ಪಕ್ಕದ ವೃದ್ಧರನ್ನು, "ಹೇಗಿತ್ತು?" ಎಂದು ಕೇಳಿದೆನು. ಅವರು ತಟ್ಟನೆ ಉತ್ತರ ಕೊಡಲಿಲ್ಲ. ಕೊಡೆಯನ್ನು ಹುಡುಕಿ ತೆಗೆದುಕೊಂಡು, "ಎರಡನೆಯ ಅಂಕದಲ್ಲಿ ಆ ಮಗ ಅಪ್ಪನಿಗೆ ಎದುರುತ್ತರ ಕೊಡುವಾಗ ಸ್ವಲ್ಪ ಬೇಗ ಕೊಟ್ಟುಬಿಟ್ಟ. ಮಗನಾದವನು ಅಷ್ಟು ಬೇಗ ಕೊಡುವುದಿಲ್ಲ. ಉಳಿದದ್ದು ಚೆನ್ನಾಯಿತು," ಎಂದರು. ಮೂವತ್ತೈದು ವರ್ಷ ಸಾಹಿತ್ಯದ ಪಾಠವನ್ನು ಕೇಳಿಸಿಕೊಂಡೂ ಹೇಳಿಯೂ ಬಂದ ನನಗೆ ಇಷ್ಟು ನಿಷ್ಕೃಷ್ಟವಾದ ವಿಮರ್ಶೆಯೊಂದು ನೆನಪಿಗೆ ಬರಲಿಲ್ಲ. ಈ ವೃದ್ಧರೂ ತಮ್ಮ ಪ್ರಾಯದಲ್ಲಿ ಬಣ್ಣ ಹಚ್ಚಿದವರೇ ಎಂದು ಆಮೇಲೆ ತಿಳಿಯಿತು. ಆಡಿ ಗೊತ್ತಿರುವವರು ನೋಡುವ ಬಗೆಯೇ ಬೇರೆ. ಊರವರು ನಾಟಕವಾಡುವುದರಿಂದ ಊರಿಗೆ ಒಳ್ಳೆಯ ನಟರು ಸಿಕ್ಕುವರೋ ಇಲ್ಲವೋ, ಒಳ್ಳೆಯ ಪ್ರೇಕ್ಷಕರಂತೂ ಸಿಕ್ಕುವರು.

ಆ ರಾತ್ರಿಯೇ ನಮ್ಮ ಆತಿಥೇಯರ ಮನೆಗೆ ಹೋದೆವು. ಹೆಗ್ಗೋಡಿನಿಂದ ನಾಲ್ಕೈದು ಮೈಲಿ ಒಳಗೆ, ಐದಾರು ಮನೆಗಳ ಒಂದು ಕೇರಿ. ದೊಡ್ಡ ಜಗುಲಿ, ಮುಂದೆ ಅಂಗಳ, ಅಂಗಳದ ಮೇಲೆ ಅಡಿಕೆಯ ಚಪ್ಪರ. ಬೆಳಗಾದಾಗ ಮನೆಯ ಹಿರಿಯರು ನಮಗೆ ತೋಟವನ್ನು ತೋರಿಸಿದರು. ಮರಗಳ ಎಲೆಗಳಲ್ಲಿ ಹಳದಿಯ ಚುಕ್ಕೆಗಳಿದ್ದುವು. ಎಲೆಚುಕ್ಕಿ ರೋಗವು ಈಚಿನ ಕೆಲವು ವರ್ಷಗಳಿಂದ ಮಲೆನಾಡಿನ ತೋಟಗಳನ್ನು ಹಿಡಿದು ಸೊರಗಿಸುತ್ತಿದೆ. "ಕೊಳೆರೋಗಕ್ಕೆ ಔಷಧಿ ಹೊಡೆದು ಅಭ್ಯಾಸವಿತ್ತು ಮೇಷ್ಟ್ರೆ. ಇದು ಹೊಸ ನೆಂಟ. ಯಾವಾಗ ಏಳುತ್ತಾನೋ ಗೊತ್ತಿಲ್ಲ," ಎಂದು ನಕ್ಕರು. ಆ ನಗೆಯ ಹಿಂದಿನ ಚಿಂತೆ ನನಗೆ ಕಾಣದೆ ಇರಲಿಲ್ಲ.

ಕಾಗದದಲ್ಲಿ ಬರೆಯದೆ ಬಿಟ್ಟಿದ್ದ ಸಂಗತಿಯನ್ನು ಅವರು ತೋಟದ ಕಾಲುವೆಯ ಏರಿಯ ಮೇಲೆ ನಿಂತು ಹೇಳಿದರು. ೨೦೨೦ರಲ್ಲಿ ಲೋಕಕ್ಕೆಲ್ಲ ಸಾಂಕ್ರಾಮಿಕ ಬಂದಾಗ ಪಟ್ಟಣಗಳಲ್ಲಿದ್ದ ಮಲೆನಾಡಿನ ಮಕ್ಕಳು ಗಣಕಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮನೆಗಳಿಗೆ ಬಂದರು. ಇವರ ಮಗನೂ ಬಂದನು. ಹಗಲು ಅಟ್ಟದ ಮೇಲೆ ಕುಳಿತು ಕಚೇರಿಯ ಕೆಲಸ, ಸಂಜೆ ಮದ್ದಲೆ. ಮದ್ದಲೆಗಾರರಿಲ್ಲದೆ ಏಳೆಂಟು ವರ್ಷದಿಂದ ಮುಚ್ಚಿಹೋಗಿದ್ದ ಕೇರಿಯ ತಾಳಮದ್ದಲೆಯ ಕೂಟವು ಅವನಿಂದ ಮತ್ತೆ ಎದ್ದಿತು. ಸಾಂಕ್ರಾಮಿಕ ಹೋಯಿತು. ಮಗನು ಮಾತ್ರ ಹೇಗೋ ಉಳಿದನು. ಈಗ ಕಚೇರಿಯವರು ಎಲ್ಲರೂ ಬೆಂಗಳೂರಿಗೆ ಬಂದೇ ಕೆಲಸ ಮಾಡಬೇಕೆಂದು ಕರೆ ಕಳುಹಿಸಿದ್ದಾರೆ. ನಾಳೆ ಬೆಳಗ್ಗೆ ಪ್ರಯಾಣ.

"ಹೋಗಬೇಡ ಎನ್ನುವಂತಿಲ್ಲ ಮೇಷ್ಟ್ರೆ. ತೋಟದ ಸ್ಥಿತಿ ನೀವೇ ನೋಡಿದಿರಿ. ಹೋಗು ಎಂದೂ ಬಾಯಿ ಬರುವುದಿಲ್ಲ," ಎಂದರು ಅವರು. ನಾನು ಏನು ತಾನೇ ಹೇಳಲಿ? ಅವನನ್ನು ಪಟ್ಟಣದ ಕೆಲಸಕ್ಕೆ ಯೋಗ್ಯನನ್ನಾಗಿ ಮಾಡಿದ ಉಪಾಧ್ಯಾಯರಲ್ಲಿ ನಾನೂ ಒಬ್ಬನು.

ತಾಳಮದ್ದಲೆಯೆಂದರೇನೆಂಬುದನ್ನು ಬಯಲುಸೀಮೆಯ ವಾಚಕರಿಗಾಗಿ ಹೇಳಬೇಕು. ಯಕ್ಷಗಾನವನ್ನು ಎಲ್ಲರೂ ಬಲ್ಲರು: ವೇಷ, ಕುಣಿತ, ಹಾಡು, ಮಾತು. ಇದರಲ್ಲಿ ವೇಷವನ್ನೂ ಕುಣಿತವನ್ನೂ ತೆಗೆದುಬಿಟ್ಟರೆ ಉಳಿಯುವುದೇ ತಾಳಮದ್ದಲೆ. ದೀಪಾವಳಿಯ ಸುಮಾರಿಗೆ ಹೊರಟ ವೇಷದ ಮೇಳಗಳು ಮಳೆಗೆ ಮುಂಚೆ ತಿರುಗಾಟ ಮುಗಿಸುವುವು. ಮಳೆಗಾಲದಲ್ಲಿ ಹೊರಗೆ ಆಟವಾಡುವಂತಿಲ್ಲ. ಆಗ ಮನೆಯ ಜಗುಲಿಯೇ ರಂಗ. ನಡುವೆ ಭಾಗವತರು ತಾಳವನ್ನು ಹಿಡಿದು ಪ್ರಸಂಗದ ಪದ್ಯವನ್ನು ಹಾಡುವರು. ಅವರ ಪಕ್ಕದಲ್ಲಿ ಮದ್ದಲೆ, ಚಂಡೆ, ಶ್ರುತಿ. ಎರಡು ಕಡೆಗೂ ಅರ್ಥಧಾರಿಗಳು ಎದುರುಬದುರಾಗಿ ಕುಳಿತಿರುವರು. ಪದ್ಯ ಮುಗಿಯುತ್ತಲೂ ಒಬ್ಬರು ರಾಮನಾಗಿಯೋ ವಾಲಿಯಾಗಿಯೋ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುವರು. ಇನ್ನೊಬ್ಬರು ಉತ್ತರ ಕೊಡುವರು. ಈ ಮಾತುಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆ ಗಳಿಗೆಯಲ್ಲಿ ಹುಟ್ಟಿ ಆ ಗಳಿಗೆಯಲ್ಲಿಯೇ ಮುಗಿಯುವುವು. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಈ ವಿದ್ಯೆಯಲ್ಲಿ ನಾಡಿನಲ್ಲೆಲ್ಲ ಹೆಸರಾದರು. ಆದರೆ ಇದರ ಬೇರು ಇರುವುದು ಹೆಸರಿಲ್ಲದ ಸಾವಿರಾರು ಜಗುಲಿಗಳಲ್ಲಿ, ಹಗಲು ಬೇರೆ ಕೆಲಸ ಮಾಡಿ ರಾತ್ರಿ ಕೃಷ್ಣನೋ ಕರ್ಣನೋ ಆಗುವ ಗೃಹಸ್ಥರಲ್ಲಿ.

ಈ ಕೇರಿಯ ಕೂಟವೂ ಅಂತಹುದೇ. ಭಾಗವತರು ಸಾಗರದ ಪೇಟೆಯಲ್ಲಿ ಕಿರಾಣಿ ಅಂಗಡಿಯವರು. ಚಂಡೆಗೆ ಪಂಪುಸೆಟ್ಟು ದುರಸ್ತು ಮಾಡುವ ತರುಣನು. ಕೃಷ್ಣನ ಅರ್ಥಕ್ಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಕೌರವನಿಗೆ ಸಹಕಾರ ಸಂಘದ ಗುಮಾಸ್ತರು. ನಮ್ಮ ಆತಿಥೇಯರದು ಯಾವಾಗಲೂ ಸಾತ್ವಿಕ ಪಾತ್ರ. ಅಂದಿನ ಪ್ರಸಂಗ ಕೃಷ್ಣಸಂಧಾನ. ಅವರು ವಿದುರ.

ಮಧ್ಯಾಹ್ನವೇ ಸಿದ್ಧತೆ ಮೊದಲಾಯಿತು. ಥಂಡಿಗೆ ಮದ್ದಲೆಯ ಮುಚ್ಚಿಗೆ ಸಡಿಲವಾಗಿ ಶ್ರುತಿ ಇಳಿದಿದ್ದಿತು. ಮಗನು ಅದನ್ನು ಒಲೆಯ ಶಾಖಕ್ಕೆ ದೂರದಿಂದ ಹಿಡಿದು, ಬಾರನ್ನು ಬಿಗಿದು, ಕಿವಿಗೊಟ್ಟು ನೋಡುತ್ತಿದ್ದನು. ಅವನ ತಂಗಿ ಕಾಲೇಜಿನಲ್ಲಿ ಮೊದಲ ವರ್ಷ ಓದುವ ಹುಡುಗಿ. ಅವಳು ಪಕ್ಕದಲ್ಲಿ ಕುಳಿತು, "ಅಣ್ಣಾ, ಇನ್ನೂ ಸ್ವಲ್ಪ ಇಳಿದಿದೆ," ಎಂದಳು. ಅವನು ಇನ್ನೊಮ್ಮೆ ತಟ್ಟಿ ನೋಡಿ, "ಹೌದು," ಎಂದು ಮತ್ತೆ ಬಿಗಿದನು. ನನ್ನ ಮನೆಯಾಕೆ ಈ ಮಾತನ್ನು ಗಮನಿಸಿದಳು, ನಾನು ಗಮನಿಸಲಿಲ್ಲ. ಒಳಗೆ ಅಮ್ಮನವರು ಕೇರಿಯ ಹೆಂಗಸರೊಡನೆ ಅಡಿಗೆಯಲ್ಲಿದ್ದರು. ಅಪ್ಪೆಹುಳಿ, ತಂಬುಳಿ, ಹಲಸಿನ ಹಪ್ಪಳ, ಕಾಗದಕ್ಕಿಂತಲೂ ತೆಳುವಾದ ತೊಡದೇವು. ಕೂಟಕ್ಕೆ ಬಂದವರಿಗೆಲ್ಲ ಊಟ ಹಾಕುವುದು ಮನೆಯವರ ಧರ್ಮ. ಹಾಡಿದವರಿಗೂ ಮಾತನಾಡಿದವರಿಗೂ ಸಲ್ಲುವ ಸಂಭಾವನೆ ಅದೊಂದೇ.

ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿದರು. ಜಗುಲಿಯ ಮೇಲೆ ಚಾಪೆಗಳಲ್ಲಿ ಐವತ್ತು ಜನರಿರಬಹುದು. ಬಾಗಿಲ ಆಚೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿಯಡಿಕೆ ಸುಲಿಯುತ್ತಲೇ ಕೇಳುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿರುವುದೇ. ಸಂಧಿಗೆಂದು ಬಂದ ಕೃಷ್ಣನು ಕೌರವನ ಅರಮನೆಯನ್ನು ಬಿಟ್ಟು ವಿದುರನ ಮನೆಗೆ ಹೋಗುವನು. ಸಭೆಯಲ್ಲಿ ಕೌರವನು ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆನ್ನುವನು. ಗೊತ್ತಿರುವ ಕಥೆಯನ್ನು ಜನರು ಏಕೆ ಕೇಳುತ್ತಾರೆಂದರೆ, ಇಂದು ಇವನು ಏನು ಹೇಳಿಯಾನೆಂಬ ಕುತೂಹಲಕ್ಕಾಗಿ. ಗುಮಾಸ್ತರ ಕೌರವನು ಕೃಷ್ಣನಿಗೆ, ಭೂಮಿಯ ದಾಖಲೆ ಯಾರ ಹೆಸರಿನಲ್ಲಿದೆಯೆಂದು ಕೇಳಿದಾಗ ಜಗುಲಿಯೆಲ್ಲ ನಕ್ಕಿತು. ಆ ಕೇರಿಯಲ್ಲಿ ಆ ಪ್ರಶ್ನೆಯಿಂದ ನೋಯದ ಮನೆಯಿಲ್ಲವಂತೆ.

ವಿದುರನ ಮನೆಯ ಸನ್ನಿವೇಶವು ಮೊದಲೇ ಬಂದು ಹೋಗಿದ್ದಿತು. ಹಾಲನ್ನು ಕುಡಿದು ಕೃಷ್ಣನು ಸಭೆಗೆ ಹೊರಡುವೆನೆಂದಾಗ ವಿದುರನು ಎರಡು ಮಾತು ಆಡಿ ಬೀಳ್ಕೊಡುವುದು ವಾಡಿಕೆ. ನಮ್ಮ ಆತಿಥೇಯರು ಆ ಎರಡು ಮಾತುಗಳನ್ನು ಆಡಿದರು. ಆಮೇಲೆ ಸ್ವಲ್ಪ ತಡೆದು, "ಸ್ವಾಮೀ, ಹೊರಟವನಿಗೆ ದಾರಿಯಾದರೂ ಜೊತೆಯಾಗುತ್ತದೆ. ನಾಳೆ ಬೆಳಗಾದರೆ ಈ ಬಾಗಿಲನ್ನು ತೆರೆಯುವವನು ನಾನು. ಖಾಲಿಯಾದ ಮಣೆಯನ್ನು ನೋಡುವವನು ನಾನು. ಆದರೂ ಹೋಗಬೇಡ ಎನ್ನುವುದಿಲ್ಲ. ನಿನ್ನ ಕೆಲಸ ಈ ಗುಡಿಸಲಿಗಿಂತ ದೊಡ್ಡದು. ಒಂದನ್ನು ಮಾತ್ರ ಕೇಳುತ್ತೇನೆ. ಹಾಲು ಕುಡಿದದ್ದನ್ನು ಮರೆಯಬೇಡ," ಎಂದರು.

ಕೃಷ್ಣನ ಅರ್ಥಧಾರಿ ಜಾಣರು. ಅವರು ಉತ್ತರ ಕೊಡದೆ ಭಾಗವತರ ಕಡೆಗೆ ನೋಡಿದರು. ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡರು. ಮದ್ದಲೆಯು ಒಂದು ಅಕ್ಷರಕಾಲ ತಡವಾಗಿ ಬಂದಿತು. ಮಗನ ಕೈ ತಪ್ಪಿದುದನ್ನು ನಾನು ಆ ಒಂದು ಸಲ ಮಾತ್ರ ಕೇಳಿದುದು.

ಸಭೆಯ ಭಾಗಕ್ಕೆ ಮುಂಚೆ ಕಷಾಯಕ್ಕಾಗಿ ಸ್ವಲ್ಪ ವಿರಾಮವಾಯಿತು. ಮತ್ತೆ ಕುಳಿತಾಗ ಮಗನು ಮದ್ದಲೆಯನ್ನು ತನ್ನ ಮುಂದಿಟ್ಟುಕೊಳ್ಳದೆ, ಬಾಗಿಲ ಕಡೆಗೆ ತಿರುಗಿ ತಂಗಿಯನ್ನು ಕರೆದನು. ಅವಳು ಬಂದು ಭಾಗವತರ ಪಕ್ಕದಲ್ಲಿ ಕುಳಿತಳು. ಹಿರಿಯರ ಸಾಲಿನಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಹೆಂಗಸರು ಯಕ್ಷಗಾನದ ತಂಡಗಳನ್ನೂ ತಾಳಮದ್ದಲೆಯ ಕೂಟಗಳನ್ನೂ ಕಟ್ಟಿ ನಡೆಸುತ್ತಿರುವುದು ಈಗ ಹೊಸತಲ್ಲ. ಆದರೂ ತಮ್ಮ ಜಗುಲಿಯಲ್ಲಿ ಮೊದಲ ಸಲ ಆಗುವ ಯಾವುದೂ ಜನರಿಗೆ ಹೊಸತೇ. ಭಾಗವತರು ಯಾರನ್ನೂ ಕೇಳಲಿಲ್ಲ. "ತಂಗೀ, ಏಕತಾಳ," ಎಂದಷ್ಟೇ ಹೇಳಿ ಹಾಡತೊಡಗಿದರು.

ಅವಳು ಅಣ್ಣನಷ್ಟು ಚೆನ್ನಾಗಿ ಬಾರಿಸಿದಳೆಂದರೆ ಸುಳ್ಳಾಗುವುದು. ವೇಗ ಹೆಚ್ಚಿದಾಗ ಒಂದೆರಡು ಕಡೆ ಮುಗ್ಗರಿಸಿದಳು. ಭಾಗವತರು ತಾಳವನ್ನು ಸ್ವಲ್ಪ ಒತ್ತಿ ಹಾಕಿ ಅವಳನ್ನು ಹಿಡಿದುಕೊಂಡರು. ಚಂಡೆಯ ತರುಣನು ಕೈಯನ್ನು ಮೃದುಮಾಡಿ ದಾರಿ ಬಿಟ್ಟನು. ಮೇಳವೆಂಬ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಒಬ್ಬನು ಎಡವಿದಾಗ ಉಳಿದವರು ನಿಲ್ಲದೆ, ನೋಯಿಸದೆ, ಅವನನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಮೇಳ. ಕೌರವನು ಸಭೆಯಿಂದೆದ್ದು ಸಂಧಿ ಮುರಿಯುವ ವೇಳೆಗೆ ಅವಳ ಕೈ ನಿಂತಿದ್ದಿತು. ಮಂಗಳದ ಪದ್ಯವಾದಾಗ ರಾತ್ರಿ ಎರಡು ಗಂಟೆ. ಭಾಗವತರು ತಾಳವನ್ನು ಚೀಲಕ್ಕೆ ಹಾಕುತ್ತ, ಹೊಗಳಿಕೆಯ ಮಾತೊಂದನ್ನೂ ಆಡದೆ, "ಶನಿವಾರ ಸಂಜೆ ಬಿಡುವುಂಟೋ?" ಎಂದು ಕೇಳಿದರು. ಅವಳು ತಂದೆಯ ಮುಖ ನೋಡಿ, "ಉಂಟು," ಎಂದಳು.

ಬೆಳಗ್ಗೆ ಮಗನು ಹೊರಟನು. ಅಮ್ಮನವರು ಕಣ್ಣೊರೆಸಿಕೊಂಡು ಒಳಗೆ ಹೋದರು. ಅಂಗಳದಲ್ಲಿ ನಿಂತು ನಾನು ಸಮಾಧಾನಕ್ಕೆಂದು, "ಕೂಟವಂತೂ ಉಳಿಯಿತಲ್ಲ," ಎಂದೆನು. ಆತಿಥೇಯರು ನಕ್ಕರು. "ಇವಳೂ ಎರಡು ವರ್ಷ ಮೇಷ್ಟ್ರೆ. ಆಮೇಲೆ ಓದಿಗೆ ಇನ್ನೆಲ್ಲಿಗೋ ಹೋಗುತ್ತಾಳೆ. ಹೋಗಲೇಬೇಕು. ನಮ್ಮ ಅಪ್ಪಯ್ಯನ ಕಾಲದಲ್ಲೂ ಹೀಗೆಯೇ. ಈ ಕೂಟಕ್ಕೆ ಯಾವಾಗಲೂ ಎರಡೇ ವರ್ಷದ ಆಯುಸ್ಸು. ಎರಡೆರಡು ವರ್ಷ ಸೇರಿ ಎಂಬತ್ತು ವರ್ಷವಾಗಿದೆ," ಎಂದರು.

ಈ ಮಾತನ್ನು ನಾನು ರೈಲಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆನು. ಹೆಗ್ಗೋಡಿನ ಸಂಘಕ್ಕೆ ಮಂದಿರವಿದೆ, ಶಾಲೆಯಿದೆ, ದೇಶಾಂತರದ ಕೀರ್ತಿಯಿದೆ. ಈ ಜಗುಲಿಯ ಕೂಟಕ್ಕೆ ಒಂದು ಮದ್ದಲೆಯೂ ನಾಲ್ಕು ಚಾಪೆಯೂ ಬಿಟ್ಟರೆ ಏನೂ ಇಲ್ಲ. ಆದರೂ ಎರಡರ ಬುಡವೂ ಒಂದೇ. ನಮ್ಮ ಸಂತೋಷವನ್ನು ಹೊರಗಿನವರು ಬಂದು ಮಾಡಿಕೊಡಲೆಂದು ಕಾಯದೆ ನಾವೇ ಮಾಡಿಕೊಳ್ಳಬೇಕೆಂಬ ಹಟ ಅದು. ಊರಿನಲ್ಲಿರುವವರು ಯಾರೋ, ಅವರಿಂದ ಆದಷ್ಟು. ಚೆನ್ನಾಗಿ ಬಾರಿಸುವವನು ಹೋದರೆ, ಸುಮಾರಾಗಿ ಬಾರಿಸುವವಳು ಕೂರುತ್ತಾಳೆ. ಕೂತು ಕೂತು ಚೆನ್ನಾಗಿ ಬಾರಿಸುತ್ತಾಳೆ.

ಈ ಸೀಮೆಗೆ ಹೋಗಬಯಸುವ ವಾಚಕರಿಗೆ ಒಂದೆರಡು ಮಾತು. ಅಕ್ಟೋಬರಿನ ಸುಮಾರಿಗೆ ಹೋದರೆ ಹೆಗ್ಗೋಡಿನ ನಾಟಕಗಳು ಸಿಕ್ಕುವುವು. ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಮೇಲು. ಅಷ್ಟು ದೂರ ಹೋಗಲಾಗದವರು ತಿರುಗಾಟದ ತಂಡವು ತಮ್ಮ ಜಿಲ್ಲೆಗೆ ಬಂದಾಗ ನೋಡಬಹುದು. ದೀಪಾವಳಿ ಕಳೆದರೆ ವೇಷದ ಮೇಳಗಳು ಹೊರಡುವುವು. ಮಳೆಗಾಲದಲ್ಲಿ ತಾಳಮದ್ದಲೆ. ಮಳೆಗಾಲಕ್ಕೆ ಹೋಗುವವರು ಕೊಡೆಯನ್ನು ಮರೆಯಬಾರದು, ಇಂಬಳಗಳಿಗೆ ಹೆದರಬಾರದು. ಹೊದೆಯಲು ಒಂದು ಶಾಲು ಇರಲಿ. ಬಿಡುವಿದ್ದರೆ ಇಕ್ಕೇರಿಯ ನಂದಿಯನ್ನೂ ಜೋಗದ ನೀರನ್ನೂ ನೋಡಿಬನ್ನಿ.

ಆದರೆ ಹಿಂತಿರುಗಿದ ಮೇಲೆ ತಮ್ಮ ಬೀದಿಯಲ್ಲಿ, ಗಣೇಶನ ಚಪ್ಪರದಲ್ಲಿಯೋ ಭಜನೆಯ ಮಂದಿರದಲ್ಲಿಯೋ ನೆರೆಮನೆಯವರು ನಾಟಕ ಹಾಡು ಎಂದು ಸೇರಿದಾಗ, ಬಾಗಿಲು ಹಾಕಿಕೊಂಡು ಒಳಗೆ ಕುಳಿತುಬಿಡಬೇಡಿ. ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನಾನು ಈ ಲೇಖನವನ್ನು ಬರೆಯುತ್ತಿರುವಾಗ ಮಲೆನಾಡಿನಿಂದ ಮತ್ತೊಂದು ಕಾಗದ ಬಂದಿದೆ, ಉಪ್ಪಿನಕಾಯಿಯ ಭರಣಿಯೂ ಬಂದಿದೆ. ಮಗನು ಬೆಂಗಳೂರಿನಲ್ಲಿ ಮೂವರು ಗೆಳೆಯರನ್ನು ಸೇರಿಸಿಕೊಂಡು ಭಾನುವಾರದ ಸಂಜೆಗಳಲ್ಲಿ ಬಾರಿಸುತ್ತಿದ್ದಾನಂತೆ, ಮೇಲಿನ ಮನೆಯವರು ಗದ್ದಲವೆಂದು ಎರಡು ಸಲ ಬಾಗಿಲು ತಟ್ಟಿದರಂತೆ. ಮಗಳಿಗೆ ಝಂಪೆತಾಳ ಇನ್ನೂ ಸರಿಯಾಗಿ ಕೂತಿಲ್ಲವಂತೆ. ಮುಂದಿನ ತಾಳಮದ್ದಲೆಯ ದಿನವನ್ನು ಗೊತ್ತುಮಾಡಿದ್ದಾರೆ. ನಾವು ಹೋಗುವೆವು.